ಭಾನುವಾರದ ಸ್ಕಾನು

ಸುಮ್ಮನೆ ಕೂತರೆ ನನ್ನನ್ನು ಏನಾದರೊಂದು ಕಾಡುತ್ತದೆ. ಗ್ಯಾಸ್ ಆಫ್ ಮಾಡಿದೆನೇ, ಎಡಗಾಲು ಬಲಗಾಲಿಗಿಂತ ದಪ್ಪ ಆಗುತ್ತಿದೆಯೇ, ಇಂಥವು. ಆದರೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ಹತ್ತಿಕೊಂಡ ಚಿಂತೆ ಇವಕ್ಕಿಂತ ದೊಡ್ಡದು. ವಿಜಯವಾಡದ ಕಚೇರಿಯಲ್ಲಿದ್ದಷ್ಟು ಕಾಲ ನಾವು ಮೂವರು ದಿನಾ ಸಂಜೆ ಒಂದೇ ಅಂಗಡಿಯ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದವರು. ಒಬ್ಬ ರಾಯಚೂರಿನವ, ವಿಜಯವಾಡದಲ್ಲೇ ಮನೆ ಕಟ್ಟಿಕೊಂಡವ. ಇನ್ನೊಬ್ಬ ಅಪ್ಪಟ ಬೆಜವಾಡದವ. ತನ್ನ ಊರಿಗೆ ವಿಜಯವಾಡ ಎಂಬ ಹೆಸರೂ ಇದೆ ಎಂಬುದನ್ನು ಒಪ್ಪದವ. ಮೂರನೆಯವನು ಧಾರವಾಡ ಕಡೆಯ ನಾನು. ಬೀಳ್ಕೊಡುವಾಗ ಇಬ್ಬರೂ, "ಬರ್ತೇವಿ, ಮುಂದಿನ ತಿಂಗಳಾನ ಬರ್ತೇವಿ" ಎಂದು ಕೈ ಬೀಸಿದರು. ಎರಡು ವರ್ಷವಾದರೂ ಆ ಮುಂದಿನ ತಿಂಗಳು ಬರಲಿಲ್ಲ.

ಗಾಜುವಾಕದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಒಬ್ಬನೇ ಚಹಾ ಹೀರುತ್ತಾ ಯೋಚಿಸುತ್ತಿದ್ದೆ: ಅವರು ನನ್ನ ಗೆಳೆಯರೋ, ಆ ಬೆಂಚಿನ ಗೆಳೆಯರೋ? ನನ್ನ ಜಾಗದಲ್ಲಿ ಈಗ ಬೇರೆ ಯಾವನೋ ಕೂತು, ನನ್ನದೇ ಹಳೆಯ ಜೋಕುಗಳಿಗೆ ನಗುತ್ತಿರಬಹುದೇ? ಕರೆದರೆ ಬಾರದಿದ್ದರೆ ಏನು ಗತಿ ಎಂಬ ಭಯಕ್ಕೆ ಕರೆದೂ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾರವಾರದ ದಂಪತಿಗೆ ವರ್ಗವಾಯಿತು. ನೌಕಾಪಡೆಯವರು, ಊರು ಬಿಡುವಾಗಲೆಲ್ಲ ಸಾಮಾನು ಹಂಚಿ ಹಗುರಾಗುವುದು ಅವರ ರೂಢಿ. ನಮ್ಮ ಪಾಲಿಗೆ ಒಂದು ಓವನ್ ಬಂತು. ಹೆಂಡತಿ ಅದರೊಳಗೆ ಹಪ್ಪಳದ ಡಬ್ಬಿ ಇಡುವ ಮೊದಲೇ ನಾನು ಅದನ್ನು ವಶಪಡಿಸಿಕೊಂಡು ಸ್ಕೋನ್ ಮಾಡಲು ಹೊರಟೆ. ಬನ್ನಿಗಿಂತ ಗಟ್ಟಿ, ಬಿಸ್ಕತ್ತಿಗಿಂತ ಮೆದು, ಇಂಗ್ಲಿಷರು ಚಹಾದ ಜೊತೆ ತಿನ್ನುವ ತಿನಿಸು. ಇದನ್ನು ಮಾಡಿ ಗೆಳೆಯರನ್ನು ಕರೆಯಬೇಕು. ಕರೆಯಲು ಒಂದು ನೆಪವೂ ಆಯಿತು.

ಮೊಬೈಲಿನಲ್ಲಿ ಪಾಠ ಹೇಳುವ ಹೆಂಗಸು ಶುರುವಿನಲ್ಲೇ ನನ್ನ ಎದೆ ಒಡೆದಳು. ಸರಿಯಾದ ಉಚ್ಚಾರ ಸ್ಕೋನ್ ಅಲ್ಲವಂತೆ, ಸ್ಕಾನ್ ಅಂತೆ. ಹಿಟ್ಟು ಹಾಳಾದರೆ ಚೆಲ್ಲಬಹುದು, ಉಚ್ಚಾರ ಹಾಳಾದರೆ ಮರ್ಯಾದೆ ಹೋಗುತ್ತದೆ. ಅಂದಿನಿಂದ ಮನೆಯಲ್ಲಿ ಓಡಾಡುತ್ತಾ ಸ್ಕಾನ್, ಸ್ಕಾನ್ ಎಂದು ಅಭ್ಯಾಸ ಮಾಡಿದೆ.

"ಅಲ್ರೀ, ಒಂದು ಬಿಸ್ಕೀಟಿಗೆ ಇಷ್ಟ್ಯಾಕ ಜಪಾ ಮಾಡ್ತೀರಿ?" ಎಂದಳು ಹೆಂಡತಿ.

ಕೊನೆಗೊಂದು ದಿನ ಧೈರ್ಯ ಮಾಡಿ ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ಮಾತಿನ ಸಂದೇಶ ಕಳಿಸಿದೆ. ಅದು ಹೀಗಿತ್ತು: "ಈ ಭಾನುವಾರ ಸ್ಕಾನ್ ಅದ. ವಾರದಿಂದ ತಲ್ಯಾಗ ಅದ ಒಂದ. ಹೆಂಗ ಬರ್ತದೋ ಏನೋ, ಭಾಳ ಹೆದರಿಕಿ ಆಗೇದ. ನೀವಿಬ್ರೂ ಬಂದ್ರ ಜೀವಕ್ಕ ಸಮಾಧಾನ. ಖಾಲಿ ಹೊಟ್ಟಿ ಇರ್ಬೇಕು, ಮರೀಬ್ಯಾಡ್ರಿ."

ಆಸ್ಪತ್ರೆಯಲ್ಲಿ ಮಾಡುವ ಸ್ಕ್ಯಾನಿಗೆ ಬೆಜವಾಡದ ಬಾಯಲ್ಲಿ ಸ್ಕಾನ್ ಎನ್ನುತ್ತಾರೆ. ಅಷ್ಟು ವರ್ಷ ಅಲ್ಲಿದ್ದವನಿಗೆ ಇದು ಗೊತ್ತಿರದ ವಿಷಯವಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ. ತಲೆಯ ತುಂಬ ಮೈದಾ ಇತ್ತು.

ಚಹಾ ಆರುವ ಮೊದಲೇ ಬೆಜವಾಡದವನ ಉತ್ತರ ಬಂತು: "ಕಂಗಾರು ಪಡಕು ರಾ. ಮೇಮು ವಸ್ತುನ್ನಾಂ." ಗಾಬರಿ ಬೀಳಬೇಡ, ಬರುತ್ತಿದ್ದೇವೆ. ಹಿಂದೆಯೇ ರಾಯಚೂರಿನವ, "ರಜಾ ಹಾಕೀನಿ. ಟಿಕೀಟಾತು" ಎಂದ. ನನ್ನ ಕಣ್ಣು ತೇವವಾಯಿತು. ಎರಡು ವರ್ಷ ಇವರನ್ನು ಅನುಮಾನಿಸಿದೆನಲ್ಲ! ಒಂದು ಚಹಾಕ್ಕೆ ಇಷ್ಟು ದೂರ ಬರುವ ಗೆಳೆಯರು ಯಾರಿಗೆ ಸಿಗುತ್ತಾರೆ ಎಂದು ಹೆಂಡತಿಯ ಮುಂದೆ ಮೆರೆದೆ.

ಭಾನುವಾರ ಬೆಳಗ್ಗೆ ಹಿಟ್ಟಿಗೆ ಕೈ ಹಾಕಿದೆ. ತಣ್ಣನೆಯ ಬೆಣ್ಣೆಯನ್ನು ಮೈದಾದೊಳಗೆ ಬೆರಳ ತುದಿಯಿಂದ ಉದುರು ಉದುರಾಗಿ ತಿಕ್ಕಬೇಕು. ವಿಶಾಖಪಟ್ಟಣದ ಸೆಖೆಯಲ್ಲಿ ತಣ್ಣನೆಯ ಬೆಣ್ಣೆ ಎಂಬುದು ಫ್ರಿಜ್ಜಿನ ಬಾಗಿಲಿನ ತನಕ ಮಾತ್ರ. ಬಟ್ಟಲನ್ನು ಫ್ರಿಜ್ಜಿಗೆ ಇಟ್ಟು, ತೆಗೆದು, ಮತ್ತೆ ಇಟ್ಟು, ಮಜ್ಜಿಗೆ ಹಾಕಿ ಕಲಸಿ, ಸ್ಟೀಲು ಲೋಟದ ಬಾಯಿಂದ ಕತ್ತರಿಸಿ ಮೊದಲ ತಟ್ಟೆ ಬೇಯಿಸಿದೆ. ನದಿಯ ದಂಡೆಯಲ್ಲಿ ಆರಿಸಿ ತಂದ ಕಲ್ಲಿನ ಹಾಗಿದ್ದವು. ಎರಡನೆಯ ತಟ್ಟೆ ಒಳಗೆ ಹೋಗುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಇಬ್ಬರೂ ದುವ್ವಾಡದಲ್ಲಿ ರೈಲಿಳಿದು ಆಟೊ ಹಿಡಿದು ಬಂದಿದ್ದರು. ಒಬ್ಬನ ಕೈಯಲ್ಲಿ ಎಳನೀರು, ಇನ್ನೊಬ್ಬನ ಕೈಯಲ್ಲಿ ಸೇಬಿನ ಚೀಲ. ಚಹಾಕ್ಕೆ ಬರುವವರು ಎಳನೀರು ಯಾಕೆ ತರುತ್ತಾರೆ ಎಂದು ನಾನು ಕೇಳಲಿಲ್ಲ. ಬೆಜವಾಡದವ ನನ್ನ ಮೈದಾ ಮೆತ್ತಿದ ಕೈ ಹಿಡಿದುಕೊಂಡು ಮೆಲ್ಲಗೆ, "ಸ್ಕಾನ್ ಅಯ್ಯಿಂದಾ?" ಎಂದ.

"ಒಂದಾತು. ಇನ್ನೊಂದು ನಡದದ."

"ಎರಡೆರಡ?" ರಾಯಚೂರಿನವ ಕುರ್ಚಿ ಹುಡುಕಿಕೊಂಡು ಕೂತ. "ಮೊದಲಿಂದು ಏನಾತಪಾ?"

"ಚಲೋ ಬರ್ಲಿಲ್ಲ. ಗಂಟು ಅದ."

"ಎಲ್ಲಿ ಗಂಟು?"

"ಒಳಗ. ಮ್ಯಾಲೆ ನೋಡಿದ್ರ ಏನೂ ತಿಳಿಯಂಗಿಲ್ಲ."

ಬೆಜವಾಡದವ ಕಣ್ಣು ಮುಚ್ಚಿ ಏನೋ ಗುನುಗಿದ. ರಾಯಚೂರಿನವ ಒಳಗಿದ್ದ ನನ್ನ ಹೆಂಡತಿಯ ಕಡೆ ಸನ್ನೆ ಮಾಡಿ, ದನಿ ತಗ್ಗಿಸಿ, "ವೈನಿಗೆ ಗೊತ್ತೈತೇನು?" ಎಂದ.

"ಆಕೀನ ಮೊದಲ ನೋಡಿದ್ದು. ಹೊಟ್ಟಿ ಹಿಡ್ಕೊಂಡು ನಕ್ಕಳು."

"ನಕ್ಕರಾ?"

ಓವನ್ ಟಿಣ್ ಎಂದಿತು. ನಾನು ಒಳಗೆ ಓಡಿ, ಹೆಂಡತಿಯ ಹಳೆಯ ಸೀರೆಯ ತುಂಡೊಂದನ್ನು ಕೈಗೆ ಸುತ್ತಿ ತಟ್ಟೆ ಹೊರತಂದು ಅವರ ಮುಂದಿಟ್ಟೆ. "ಇವು ನೋಡ್ರಿ, ಸ್ಕಾನ್. ಈ ಸಲ ಉಬ್ಬ್ಯಾವ."

ಇಬ್ಬರೂ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ತಟ್ಟೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮಾ ಆವಿಡ ರಾತ್ರಂತಾ ಏಡ್ಚಿಂದಿ ರಾ!" ಬೆಜವಾಡದವ ಎದ್ದು ನಿಂತ. ಅವನ ಹೆಂಡತಿ ಪಾಪ ರಾತ್ರಿಯೆಲ್ಲ ಅತ್ತಿದ್ದಳು, ಈ ಬನ್ನಿಗೆ. "ನಿನ್ನ ಸಲುವಾಗಿ ರೈಲಿನಾಗ ಒಂದು ಇಡ್ಲಿ ಸೈತ ತಿಂದಿಲ್ಲೋ ಮಗನ" ಎಂದು ರಾಯಚೂರಿನವ ಸೇಬಿನ ಚೀಲವನ್ನು ವಾಪಸು ತನ್ನ ಕಡೆಗೆ ಎಳೆದುಕೊಂಡ. ನಾನು ಉಚ್ಚಾರದ ಬಗ್ಗೆ ಎರಡು ಮಾತು ಹೇಳಹೋದೆ. ಅದು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ.

ಅವರ ಬೈಗುಳ ಮುಗಿಯುವುದರೊಳಗೆ ನನಗೆ ಬೇರೆಯದೇ ನೋವು ಶುರುವಾಗಿತ್ತು. ಹಾಗಾದರೆ ಇವರು ಬಂದದ್ದು ಚಹಾಕ್ಕಲ್ಲ. ಕೇಳಬಾರದು ಎಂದುಕೊಂಡೇ ಕೇಳಿದೆ: "ಬರೇ ಚಾಕ್ಕ ಕರದಿದ್ರ ಬರ್ತಿದ್ರೇನು?"

ರಾಯಚೂರಿನವ ಒಂದು ಸ್ಕೋನ್ ಮುರಿದು ಚಹಾದಲ್ಲಿ ಅದ್ದಿದ. "ಸುಳ್ಳ್ಯಾಕ ಹೇಳ್ಲಿ? ಬರ್ತಿದ್ದಿಲ್ಲ. ಮುಂದಿನ ತಿಂಗಳಂತಿದ್ವಿ." ಅಗಿದ. "ನೀ ಏನು ಎರಡು ವರ್ಷದಾಗ ಬೆಜವಾಡಕ್ಕ ಬಂದು ಹೋಗೀಯೇನು? ಬೆಂಚ್ ಅಲ್ಲೇ ಐತಿ. ಅದಕ್ಕೇನು ವರ್ಗಾ ಆಗಿಲ್ಲ."

ಈ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಪ್ರಪಂಚದ ಸಕಲ ಚಿಂತೆಗಳನ್ನೂ ಮಾಡಿದವನು ಇದೊಂದನ್ನು ಬಿಟ್ಟುಬಿಟ್ಟಿದ್ದೆ.

ಎರಡನೆಯ ತಟ್ಟೆ ಖಾಲಿಯಾಯಿತು. ಹಸಿದವರು ವಿಮರ್ಶೆ ಮಾಡುವುದಿಲ್ಲ. ಮೊದಲ ತಟ್ಟೆಯದನ್ನು ಮಾತ್ರ ಬೆಜವಾಡದವ ಮೇಜಿಗೆ ಕುಟ್ಟಿ ನೋಡಿ, ಕೃಷ್ಣೆಗೆ ಅಣೆಕಟ್ಟು ಕಟ್ಟುವಾಗ ನೀನು ಎಲ್ಲಿದ್ದೆ ಎಂದು ಕೇಳಿದ. ಹೊಟ್ಟೆ ತುಂಬಿದ ಮೇಲೆ ಅವನಿಗೆ ಏನೋ ನೆನಪಾಗಿ ಮುಖ ಗಂಭೀರವಾಯಿತು. "ನೀ ಜುಟ್ಟು ಇಸ್ತಾನನಿ ಅಮ್ಮವಾರಿಕಿ ಮೊಕ್ಕುಕುನ್ನಾನು."

ಸ್ಕಾನ್ ಒಳ್ಳೆಯದಾಗಿ ಬಂದರೆ ನನ್ನ ತಲೆಕೂದಲು ಕೊಡಿಸುತ್ತೇನೆಂದು ಅವನು ಬೆಜವಾಡದ ಬೆಟ್ಟದ ಮೇಲಿನ ಅಮ್ಮನವರಿಗೆ ಹರಕೆ ಹೊತ್ತಿದ್ದ. ಹರಕೆ ಅವನದು, ತಲೆ ನನ್ನದು.

"ಆ ಸ್ಕಾನ್ ಆಗೇ ಇಲ್ಲಲ್ಲ!" ಎಂದೆ.

"ಅಮ್ಮವಾರು ಸ್ಪೆಲ್ಲಿಂಗ್ ಅಡಗಲೇದು ಕದಾ? ಚೆಲ್ಲೆಮ್ಮಾ, ನುವ್ವೇ ಚೆಪ್ಪು" ಎಂದು ನನ್ನ ಹೆಂಡತಿಯ ತೀರ್ಪು ಕೇಳಿದ. ಸ್ಕಾನ್ ಎಂದದ್ದಷ್ಟೇ ದೇವಿಗೆ ಕೇಳಿಸಿದ್ದು, ಅವಳೇನು ಅಕ್ಷರ ಬಿಡಿಸಿ ಕೇಳಿದಳೇ ಎಂಬುದು ಅವನ ವಾದ.

ಹೆಂಡತಿ ಕೊನೆಯ ಸ್ಕೋನನ್ನು ಮುರಿದು ಒಳಗೆ ನೋಡಿದಳು. "ಚಲೋ ಬಂದದ, ಅಣ್ಣಾರ. ಹರಕಿ ತೀರಿಸೋದು ಬಿಡಬಾರದು. ಹೆಂಗೂ ಇದ್ದದ್ದ ನಾಕು ಕೂದಲ."

"ಯಾವಾಗ ಬರ್ಲಿ?" ಎಂದೆ. ಇಷ್ಟು ಬೇಗ ಕೇಳಬಾರದಿತ್ತು; ಇಬ್ಬರೂ ನನ್ನನ್ನು ನೋಡಿ ನಕ್ಕರು.

ಸಂಜೆಯ ಗಾಡಿಗೆ ಹೊರಟಾಗ ರಾಯಚೂರಿನವ ಆಟೊದಿಂದ ತಲೆ ಹೊರಹಾಕಿ ಕೂಗಿದ: "ಬರೋವಾಗ ಏನೂ ಮಾಡ್ಕೊಂಡು ತರಬ್ಯಾಡಪಾ. ಅಲ್ಲಿ ಬನ್ನು ಸಿಗ್ತಾವ!"

ಮುಂದಿನ ಶನಿವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ. ಕೆಳಗಿನ ಬರ್ತ್ ಸಿಕ್ಕಿಲ್ಲ. ಮೇಲಿನಿಂದ ಬಿದ್ದರೆ ನಿಜವಾದ ಸ್ಕ್ಯಾನೇ ಮಾಡಿಸಬೇಕಾಗುತ್ತದೆ, ಆಗ ಇವರು ನಂಬುತ್ತಾರೋ ಇಲ್ಲವೋ.