ತಗಡಿನ ಸೂರಿನಡಿ ಆರಿಸಿದ ಲೆನ್ಸು

ಏನನ್ನಾದರೂ ನೋಡುವಾಗ ನಮ್ಮ ನೆರೆಯ ಸಾಹೇಬರ ಕಣ್ಣು ಹೊರಳುತ್ತಿರಲಿಲ್ಲ, ತಲೆ ಹೊರಳುತ್ತಿತ್ತು. ಮುಂದೆ ಊಟದ ತಟ್ಟೆ ಇಟ್ಟರೂ ಅಷ್ಟೇ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಕೊನೆಗೆ ನಡುವಿಗೆ. ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾದ ಬೆರಳುಗಳಿಂದ ಗಡ್ಡ ನೀವಿಕೊಳ್ಳುತ್ತ ಅವರು ಹಾಗೆ ತುಂಡುತುಂಡಾಗಿ ನೋಡುವುದನ್ನು ಕಂಡು, ಇದು ಕಸುಬು ಕಲಿಸಿದ ಶಿಸ್ತು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮೇಷ್ಟರಾದವನಿಗೆ ಎಲ್ಲಕ್ಕೂ ಒಂದು ವಿವರಣೆ ಬೇಕಲ್ಲ.

ರಾಮನಗರದಲ್ಲಿ ನಮ್ಮ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು ಇತ್ತು. ಬೀದಿಗೆಲ್ಲ ಅವರು ಸಾಹೇಬರು. ಕುದಿಯುವ ನೀರಿನ ಬೇಸಿನ್ನಿನಲ್ಲಿ ತೇಲುವ ಗೂಡುಗಳಿಂದ, ನನ್ನಂಥವನಿಗೆ ಕಾಣಿಸದಂಥ ಎಳೆಯ ತುದಿಯನ್ನು ಹುಡುಕಿ ತೆಗೆಯುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಕೆಲಸದವರು ಯಾವುದಾದರೂ ಗೂಡು ಕೆಟ್ಟಿದೆಯೆಂದು ಬಿಸಾಡಲು ಹೋದರೆ ಅವರದು ಒಂದೇ ಪ್ರಶ್ನೆ: "ತಿರುಗ್ಸಿ ನೋಡಿದ್ಯಾ?"

ನನಗೆ ರಾತ್ರಿಯ ಆಕಾಶದ ಫೋಟೋ ತೆಗೆಯುವ ಹುಚ್ಚು. ಇದು ತಿಳಿದಿದ್ದ ಅವರು ಒಂದು ಸಂಜೆ, ಚಿಕ್ಕವರಿದ್ದಾಗ ಶೆಡ್ಡಿನ ಮುಂದೆ ಚಾಪೆ ಹಾಸಿ ಮಲಗಿದರೆ ಆಕಾಶಗಂಗೆ ನೆತ್ತಿಯ ಮೇಲೆ ಹಾದು ಹೋಗುತ್ತಿತ್ತೆಂದು ಹೇಳಿದರು. ಈಗ ಊರಿನ ದೀಪಗಳಲ್ಲಿ ಅದೆಲ್ಲಿ ಕಾಣಬೇಕು. ಒಂದು ಪಟ ತೆಗೆದುಕೊಡುತ್ತೀರಾ ಎಂದು ಕೇಳಿದರು. ಯಾರನ್ನೂ ಏನೂ ಕೇಳದ ಮನುಷ್ಯ. ನಾನು ಆಗಲಿ ಎಂದೆ.

"ಪೂರ್ತಿ ಬರ್ಬೇಕು ಮೇಷ್ಟ್ರೇ. ಈ ತುದಿಯಿಂದ ಆ ತುದಿ. ಒಂದು ಮೂಲೆನೂ ಬುಡಬಾರ್ದು," ಎಂದರು.

ನನ್ನ ಬಳಿಯಿದ್ದ ಲೆನ್ಸಿಗೆ ಅಷ್ಟು ಆಕಾಶ ಹಿಡಿಯುವುದಿಲ್ಲ. ಮುಂಗಾರಿನ ಮೋಡ ಕಟ್ಟುವ ಮೊದಲು ಉಳಿದಿದ್ದುದು ಒಂದೇ ಅಮಾವಾಸ್ಯೆ, ಅದೂ ಮಂಗಳವಾರ. ಬೆಂಗಳೂರಿನಲ್ಲಿ ಹಳೆಯ ಕ್ಯಾಮೆರಾ ಸಾಮಾನು ಮಾರುವವನೊಬ್ಬ ಪರಿಚಯದ ಮೇಲೆ ಎರಡು ಅಗಲದ ಲೆನ್ಸು ಕೊಟ್ಟು, ಭಾನುವಾರ ಮೂರು ಗಂಟೆಯೊಳಗೆ ಯಾವುದು ಬೇಕೋ ಹೇಳಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದ. ಮೊದಲನೆಯದು ಹೆಸರುವಾಸಿ. ಬಾಯಿ ಅಗಲ, ಕತ್ತಲಲ್ಲೂ ಬೆಳಕನ್ನು ಬಾಚಿಕೊಳ್ಳುವಂಥದ್ದು. ಎರಡನೆಯದು ಅದರ ಕಾಲುಭಾಗ ಬೆಳಕನ್ನೂ ಹಿಡಿಯದು, ನೋಡಲೂ ಸಾದಾ. ಶನಿವಾರ ರಾತ್ರಿ ಪರೀಕ್ಷಿಸೋಣವೆಂದರೆ ಆಕಾಶ ತುಂಬ ಮೋಡ. ಭಾನುವಾರ ಬೆಳಿಗ್ಗೆ ಗೋಡೆಯಾಚೆಯಿಂದ ನನ್ನ ಗೊಣಗಾಟ ಕೇಳಿಸಿಕೊಂಡ ಸಾಹೇಬರು ಇಣುಕಿದರು.

"ನಕ್ಷತ್ರ ತಾನೇ? ನಮ್ ಶೆಡ್ನಾಗೇ ಐತೆ. ಮಧ್ಯಾಹ್ನ ಬನ್ನಿ."

ಕೆಲಸದವರು ಊಟಕ್ಕೆ ಹೋದ ಮೇಲೆ ಅವರು ಬಾಗಿಲು ಕಿಟಕಿ ಮುಚ್ಚಿದರು. ತಲೆಯೆತ್ತಿದೆ. ಹಳೆಯ ತಗಡಿನ ಸೂರಿನಲ್ಲಿ ಮೊಳೆ ಹೊಡೆದು ಕಿತ್ತ ನೂರಾರು ತೂತು. ಒಂದೊಂದರಲ್ಲೂ ಬಿಸಿಲು ಚುಕ್ಕಿಯಾಗಿ ನಿಂತಿತ್ತು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಮೇಲ್ಮುಖವಾಗಿ ನಿಲ್ಲಿಸಿ ಹೆಸರುವಾಸಿ ಲೆನ್ಸಿನಿಂದ ಒಂದು ಪಟ ತೆಗೆದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅದ್ಭುತ. ಸಾಹೇಬರು ಪರದೆಗೆ ಮುಖವಿಟ್ಟು, ತಲೆಯನ್ನು ಮೂಲೆಯಿಂದ ಮೂಲೆಗೆ ಒಯ್ದರು. ಮೇಲಿನ ಎಡಮೂಲೆಯಲ್ಲಿ ನಿಂತುಬಿಟ್ಟರು.

"ಇಲ್ಲಿ ಚಿಟ್ಟೆ ಐತಲ್ಲ ಮೇಷ್ಟ್ರೇ, ಚುಕ್ಕಿ ಎಲ್ಲಿ?"

ಹಿಗ್ಗಿಸಿ ನೋಡಿದೆ. ಅಲ್ಲಿಯ ತೂತುಗಳಿಗೆ ಎರಡೂ ಕಡೆ ರೆಕ್ಕೆ ಮೂಡಿತ್ತು. ತಗಡು ಹರಿದು ತೂತೇ ಹಾಗಿರಬಹುದು ಎಂದು ವಾದಿಸಿದೆ. ಅವರು, ಕ್ಯಾಮೆರಾ ತಿರುಗಿಸಿ ಅದೇ ತೂತನ್ನು ನಡುವಿಗೆ ತನ್ನಿ ಎಂದರು. ಹಾಗೇ ಮಾಡಿದೆ. ನಡುವಿನಲ್ಲಿ ಅದು ಗುಂಡಗೆ ಕುಳಿತಿತ್ತು. ತಪ್ಪು ತಗಡಿನದಲ್ಲ, ಲೆನ್ಸಿನದು. ಎರಡನೆಯ ಲೆನ್ಸು ಹಾಕಿದೆ. ಪಟ ಮಂಕು, ಆದರೆ ನಾಲ್ಕು ಮೂಲೆಯಲ್ಲೂ ಚುಕ್ಕಿ ಚುಕ್ಕಿಯಾಗಿಯೇ ಇತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಮನಸ್ಸು ಆ ಹೆಸರುವಾಸಿ ಲೆನ್ಸಿನ ಮೇಲೆ ಕೂತುಬಿಟ್ಟಿತ್ತು. ಮೂಲೆಯನ್ನು ಯಾರು ನೋಡುತ್ತಾರೆ, ಒಸಿ ಕತ್ತರಿಸಿದರಾಯಿತು ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಮೂರಕ್ಕೆ ಹತ್ತು ನಿಮಿಷವಿತ್ತು. ಫೋನು ಬಡಿದುಕೊಳ್ಳತೊಡಗಿತು, ಬೆಂಗಳೂರಿನವನೇ. ಅವರು ಮತ್ತೆ ತಲೆಯಾಡಿಸಿದರು. ನನಗೆ ರೇಗಿಹೋಯಿತು.

"ಗೂಡಿನ ವಿಷ್ಯ ನಿಮ್ಗೆ ಗೊತ್ತು ಸಾಹೇಬ್ರೇ. ಲೆನ್ಸಿನ್ ವಿಷ್ಯ ಏನ್ ಗೊತ್ತು?"

ಅವರು ಬಾಗಿಲು ತೆರೆಯಲೆಂದು ಎದ್ದು ಎರಡು ಹೆಜ್ಜೆ ಇಟ್ಟರು. ಬಲಗಡೆ ಕಣ್ಣಿಗೆ ರಾಚುವಂತೆ ನಿಂತಿದ್ದ ಸ್ಟ್ಯಾಂಡಿನ ಕಾಲಿಗೆ ನೇರವಾಗಿ ಎಡವಿದರು. ಕ್ಯಾಮೆರಾ ಬೇಸಿನ್ನಿನತ್ತ ವಾಲಿತು, ಅವರೂ ವಾಲಿದರು. ಕ್ಯಾಮೆರಾವೂ ನನ್ನ ಕೈಯಳತೆಯಲ್ಲೇ ಇತ್ತು, ಅವರೂ ಇದ್ದರು. ನಾನು ಕ್ಯಾಮೆರಾ ಹಿಡಿದೆ.

ಅವರ ಬಲಗೈ ಮಣಿಕಟ್ಟಿನವರೆಗೆ ಬಿಸಿನೀರಿನಲ್ಲಿ ಮುಳುಗಿತ್ತು. ಒಲೆ ಆರಿಸಿ ಹೊತ್ತಾಗಿದ್ದರಿಂದ ಬಚಾವು. ಓಡಿಹೋಗಿ ತಣ್ಣೀರು ತಂದು ಸುರಿದೆ. ಈ ಕೈಗೆ ಬಿಸಿನೀರೇನು ಹೊಸದಾ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಸ್ಟ್ಯಾಂಡು ಕಾಣಲಿಲ್ಲವೇ ಎಂದು ಕೇಳಿದೆ.

ಅವರು ಒದ್ದೆ ಕೈಯನ್ನು ಮುಖದ ಬಲಪಕ್ಕಕ್ಕೆ ತಂದು ತೋರಿಸಿದರು. "ಪಕ್ಕದ್ದು ಕಾಣಕ್ಕಿಲ್ಲ ಮೇಷ್ಟ್ರೇ. ನಡುವಿಂದು ಮಾತ್ರ ಐತೆ. ಅದೂ ಹೋಯ್ತದೆ ಅಂದವ್ರೆ ಡಾಕ್ಟ್ರು."

ಕಣ್ಣಿನ ನರ ಒಣಗುವ ಕಾಯಿಲೆ. ಹೋದ ದೃಷ್ಟಿ ಮರಳುವುದಿಲ್ಲ, ಹನಿ ಹಾಕಿ ಉಳಿದದ್ದನ್ನು ಕಾಯಬೇಕು ಅಷ್ಟೇ. ಗೊತ್ತಾದರೆ ಮಕ್ಕಳು ಶೆಡ್ಡಿಗೆ ಕಾಲಿಡಲು ಬಿಡುವುದಿಲ್ಲವೆಂದು ಮನೆಯಲ್ಲಿ ಮುಚ್ಚಿಟ್ಟಿದ್ದರು. ಪಟ ಯಾಕೆ ಕೇಳಿದರು, ಮೂಲೆಗೆ ಯಾಕೆ ಅಷ್ಟು ಹಟ ಹಿಡಿದರು ಎಂಬುದು ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಫೋನು ಇನ್ನೊಮ್ಮೆ ಬಡಿಯಿತು. ಸಾದಾ ಲೆನ್ಸನ್ನೇ ಇಟ್ಟುಕೊಳ್ಳುತ್ತೇನೆ ಎಂದೆ. ಆ ಸಂಜೆಯೇ ಅವರ ಮಗನಿಗೆ ವಿಷಯ ತಿಳಿಸಿದೆ. ಅದಕ್ಕೆ ಸಾಹೇಬರು ಒಂದು ವಾರ ನನ್ನೊಡನೆ ಮಾತು ಬಿಟ್ಟರು.

ಅಮಾವಾಸ್ಯೆಯಂದು ಊರ ದೀಪಗಳಿಂದ ದೂರ, ಮಾಗಡಿ ಕಡೆಯ ಕಲ್ಯ ಬೆಟ್ಟದ ಬಂಡೆಯ ಮೇಲೆ, ಮೋಡ ಸರಿದ ಮುಕ್ಕಾಲು ಗಂಟೆಯಲ್ಲಿ ಪಟ ಸಿಕ್ಕಿತು. ಕಣ್ಣು ಮಂಜಾದವರಿಗೆ ದೊಡ್ಡದಿರಲೆಂದು ಗೋಡೆಯಗಲ ಮಾಡಿಸಿ, ಅವರ ಸಿಟ್ಟು ಇಳಿದ ಮೇಲೆ ಒಯ್ದೆ. ಸಾಹೇಬರ ತಲೆ ಅದರ ಮೇಲೆ ಅಲೆಯಿತು, ಹಿಂದಕ್ಕೆ ಬಂತು, ಮತ್ತೆ ಅಲೆಯಿತು. ದಾರಿ ತಪ್ಪುತ್ತಿದೆ ಎಂದರು. ಅವರಿಗೆ ಉಳಿದಿದ್ದ ಕಿಂಡಿಗೆ ಅಷ್ಟು ದೊಡ್ಡ ಆಕಾಶ ಹಿಡಿಸುವುದಾದರೂ ಹೇಗೆ? ಮರುದಿನ ಅದನ್ನೇ ಅಂಗೈಯಷ್ಟು ಚಿಕ್ಕದಾಗಿ ಮಾಡಿಸಿ ತಂದುಕೊಟ್ಟೆ.

ತೋಳುದ್ದ ದೂರ ಹಿಡಿದರು. ಆ ಸಲ ತಲೆ ಹೊರಳಲಿಲ್ಲ.

"ಪೂರ್ತಿ ಐತೆ," ಎಂದರು. ಬಹಳ ಹೊತ್ತಿನ ಮೇಲೆ ನನ್ನತ್ತ ತಿರುಗಿ ನಕ್ಕರು. "ಅವತ್ತು ಕ್ಯಾಮೆರಾ ಹಿಡ್ಕಂಡಿದ್ದೇ ಒಳ್ಳೇದಾಯ್ತು ಬುಡಿ. ನನ್ನ ಹಿಡ್ದಿದ್ರೆ ಇದೆಲ್ಲಿ ಸಿಗ್ತಿತ್ತು?"

ಮುಂದಿನ ವರ್ಷ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಅವರು ತೀರಿಕೊಂಡರು. ಆ ಪಟ ಕೊನೆಯ ದಿನವೂ ಅಂಗಿಯ ಜೇಬಿನಲ್ಲಿತ್ತೆಂದು ಮಗ ಹೇಳಿದ. ಸಾದಾ ಲೆನ್ಸು ಇಂದಿಗೂ ನನ್ನ ಚೀಲದಲ್ಲಿದೆ. ಅದನ್ನು ಹೊರತೆಗೆಯುವಾಗಲೆಲ್ಲ ಅವತ್ತು ಕ್ಯಾಮೆರಾ ಹಿಡಿದ ಕೈಯನ್ನೊಮ್ಮೆ ನೋಡಿಕೊಳ್ಳುತ್ತೇನೆ. ಅವರು ನಗುತ್ತ ಅದನ್ನು ಕ್ಷಮಿಸಿಬಿಟ್ಟರು, ನನಗೆ ಇನ್ನೂ ಆಗಿಲ್ಲ.