ಪ್ರಸಾರವಾಗದ ಹಾಡು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಸುಮ್ಮನೆ ಕೇಳಿಸಿಕೊಂಡವನೇ ಅಲ್ಲ. ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳುವುದು ನನ್ನ ಚಾಳಿ. ನಮ್ಮ ಸಂಬಂಧಿಕರೊಬ್ಬರು, ತಮ್ಮ ತಂದೆ ತೀರಿಕೊಂಡ ಗಳಿಗೆಗೆ ಸರಿಯಾಗಿ ಗೋಡೆ ಗಡಿಯಾರವೂ ನಿಂತಿತು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದಾಗ, "ಅದಕ್ಕ ಕೀಲಿ ಕೊಟ್ಟು ಎಷ್ಟು ದಿನ ಆಗಿತ್ತು?" ಎಂದು ಕೇಳಿಬಿಟ್ಟಿದ್ದೆ. ಅವರು ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿದವನು ನಾನು. ಕಾರಣ ಹುಡುಕದೆ ಬಿಡುವ ಸ್ವಭಾವ ನನ್ನದಲ್ಲ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಬೆಳಗಾವಿಯ ಮಹಾಂತೇಶ ನಗರದ ಕಡೆಗಿರುವ ಒಂದು ಕಾಲೇಜಿನ ಸಣ್ಣ ಬಾನುಲಿ ಕೇಂದ್ರಕ್ಕೆ ನಾನು ಹೋಗತೊಡಗಿದ್ದೆ. ಹಿಂದವಾಡಿಯ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಬೇಕು. ಆದರೂ ವಾರಕ್ಕೆ ಮೂರು ದಿನ ತಪ್ಪದೆ ಹೋಗುತ್ತಿದ್ದೆ. ಯಂತ್ರ ನೋಡಿಕೊಳ್ಳುವುದು, ಬೇಕಾದಾಗ ಮೈಕಿನ ಮುಂದೆ ಕೂತು ನಾಲ್ಕು ಮಾತು ಹೇಳುವುದು ನನ್ನ ಕೆಲಸ. ನಮ್ಮ ಟ್ರಾನ್ಸ್‌ಮಿಟರ್ ಐವತ್ತು ವ್ಯಾಟಿನದು. ಊರೊಳಗೆ ಚೆನ್ನಾಗಿ ಕೇಳಿಸುತ್ತದೆ. ಖಾನಾಪುರ ರಸ್ತೆಯ ಪೀರನವಾಡಿ ದಾಟಿದರೆ ಬರೀ ಸರಸರ ಸದ್ದು.

ಒಂದು ವರ್ಷ ಅಲ್ಲಿನ ಕನ್ನಡ ಉಪನ್ಯಾಸಕಿ ಪ್ರಭಾವತಿ ಅವರು, ಮೊದಮೊದಲ ಬಾನುಲಿ ಕೇಂದ್ರಗಳ ಬಗ್ಗೆಯೇ ಇಡೀ ಒಂದು ದಿನದ ಕಾರ್ಯಕ್ರಮ ಮಾಡೋಣವೆಂದರು. ಒಂದು ಗುರುವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಮೈಸೂರಿನಲ್ಲಿ ಒಬ್ಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಕೇಂದ್ರ ತೆರೆದದ್ದು, ಧಾರವಾಡಕ್ಕೆ ಬಾನುಲಿ ಬಂದಾಗ ಸುತ್ತಲಿನ ಹಳ್ಳಿಗಳಿಂದ ಹಾಡುವವರು ರೈಲು ಹತ್ತಿ ಹೋದದ್ದು, ಒಂದು ರೇಡಿಯೊದ ಮುಂದೆ ಓಣಿಯೇ ಕೂಡುತ್ತಿದ್ದದ್ದು, ಹೀಗೆ. ಆಗ ಎಷ್ಟೋ ಹಾಡುಗಳನ್ನು ನೇರವಾಗಿ ಹಾಡಿಸಿ ಪ್ರಸಾರ ಮಾಡುತ್ತಿದ್ದರು. ಹಾಡಿದ್ದು ಗಾಳಿಗೆ ಹೋಯಿತು, ಮುಗಿಯಿತು. ಧ್ವನಿ ಮುದ್ರಿಸಿ ಇಡುವುದು ಕಡಿಮೆ.

ಹನ್ನೊಂದು ಗಂಟೆಗೆ ನನ್ನ ಪಾಳಿ. ಆ ಹಾಡುಗಾರರ ಬಗ್ಗೆಯೇ ನಾನು ಮಾತಾಡಬೇಕಿತ್ತು. ಸರಿಯಾಗಿ ಹನ್ನೊಂದಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಕೂಡ ಕೈಕೊಟ್ಟಿತು. ಟ್ರಾನ್ಸ್‌ಮಿಟರಿನ ದೀಪ ಆರಿದ್ದನ್ನು ನಾನೇ ನೋಡಿದೆ, ಮುಖ್ಯ ಸ್ವಿಚ್ಚನ್ನೂ ನಾನೇ ಇಳಿಸಿದೆ. ಒಳಗೆ ಸೆಕೆ ಎಂದು ನಾನು, ಪ್ರಭಾವತಿ ಇಬ್ಬರೂ ಪಡಸಾಲೆಗೆ ಬಂದು ನಿಂತು ಚಹಾ ಕುಡಿದೆವು. ಕರೆಂಟು ಬಂದಾಗ ಹನ್ನೊಂದು ಗಂಟೆ ಒಂಬತ್ತು ನಿಮಿಷ. ಹೊತ್ತು ಕಳೆಯಿತೆಂದು ನನ್ನ ಮಾತನ್ನು ಕೈಬಿಟ್ಟು ಮುಂದಿನ ಸಂದರ್ಶನವನ್ನೇ ಹಚ್ಚಿದೆವು.

ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ ಕೇಂದ್ರದ ಫೋನು ರಿಂಗಾಯಿತು. ಪ್ರಭಾವತಿ ಅದನ್ನು ನನ್ನ ಕೈಗಿತ್ತರು. ಆ ಕಡೆ ವಯಸ್ಸಾದ ಹೆಂಗಸಿನ ದನಿ.

"ನಾ ಖಾನಾಪುರದಿಂದ ನೀಲವ್ವ ಮಾತಾಡಾಕತ್ತೇನ್ರಿ. ಮುಂಜಾನೆ ಗಿರಿಜಾನ ಹಾಡು ಹಚ್ಚಿದವರು ನೀವ ಅಲ್ಲೇನ್ರಿ? ದನಿ ನಿಮ್ದ ಐತಿ."

"ಯಾವ ಗಿರಿಜಾ ರೀ?"

"ನಮ್ಮಕ್ಕ ರೀ. ನೀವ ಹೆಸರು ಹೇಳಿದ್ರಲ್ಲ, ಖಾನಾಪುರದ ಗಿರಿಜಾ ಅಂತ. ಅದನ್ನ ಇನ್ನೊಮ್ಮೆ ಹಚ್ಚತೀರೇನು?"

ಖಾನಾಪುರ! ಅಷ್ಟು ದೂರ ನಮ್ಮ ಕೇಂದ್ರ ಸಿಗುವುದಿಲ್ಲ. ಬೇರೆ ಯಾವುದೋ ಕೇಂದ್ರ ಕೇಳಿರುತ್ತೀರಿ ಎಂದೆ. ಅವರು ಒಪ್ಪಲಿಲ್ಲ. ಎಷ್ಟು ಹೊತ್ತಿಗೆ ಕೇಳಿದಿರಿ ಎಂದರೆ, "ಹನ್ನೊಂದಕ್ಕ ನನ್ನ ಗುಳಿಗಿ ತಗೊಳ್ಳೂ ಹೊತ್ತು. ಗುಳಿಗಿ ನುಂಗಿ ಗ್ಲಾಸ್ ಕೆಳಗ ಇಟ್ಟಿದ್ದಿಲ್ಲ, ನಿಮ್ಮ ದನಿ ಬಂತು" ಎಂದರು. ಆ ಹೊತ್ತಿನಲ್ಲಿ ನಮ್ಮ ಕೇಂದ್ರವೇ ಬಂದ್ ಆಗಿತ್ತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಹಾಡಿಗಿಂತ ಮೊದ್ಲ ಎಷ್ಟು ಛಲೋ ಹೇಳಿದ್ರಿ. ಗ್ವಾಡಿ ಮುಂದ ನಿಂತು, ಕಾಣದವರೊಬ್ಬರು ಕೇಳತಾರಂತ ನಂಬಿ ಹಾಡಿದವರನ್ನ ಇವತ್ತು ನೆನಸೂಣು ಅಂತ."

ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಡಬ್ಬಿಯಲ್ಲೇ ಇಟ್ಟೆ. ಆ ಸಾಲು ನನ್ನದು. ಬೆಳಿಗ್ಗೆ ಮನೆಯಲ್ಲಿ ಭಾಷಣದ ಚೀಟಿ ಬರೆಯುವಾಗ, "ಗೋಡೆಯ ಮುಂದೆ ನಿಂತು, ಕಾಣದ ಒಬ್ಬರು ಕೇಳುತ್ತಿದ್ದಾರೆಂದು ನಂಬಿ ಹಾಡಿದವರನ್ನು ಇಂದು ನೆನೆಯೋಣ" ಎಂದು ಬರೆದಿದ್ದೆ. ಓದಿ ನೋಡಿದರೆ ಅತಿಯಾಯಿತು ಅನ್ನಿಸಿ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದೆ. ಅದನ್ನು ಯಾರಿಗೂ ಓದಿ ಹೇಳಿರಲಿಲ್ಲ. ಚೀಟಿ ಮನೆ ಬಿಟ್ಟಾಗಿನಿಂದ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಅಂದು ಸಂಜೆ ಕಾರ್ಯಕ್ರಮ ಮುಗಿದ ಮೇಲೆ ನಾನು ಮನೆಗೆ ಹೋಗಲಿಲ್ಲ. ನಮ್ಮಲ್ಲಿ ಪ್ರಸಾರವಾದದ್ದೆಲ್ಲ ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗುತ್ತದೆ. ಬಾಯಿ ತಪ್ಪಿ ಬೇರೆ ಎಲ್ಲಾದರೂ ಆ ಸಾಲು ಹೇಳಿದ್ದೆನೋ ಎಂದು ಕೇಳತೊಡಗಿದೆ. ಉಳಿದದ್ದನ್ನು ಮರುದಿನ ಬಂದು ಕೇಳಿದೆ. ಎಲ್ಲಿಯೂ ಇಲ್ಲ. ಹನ್ನೊಂದರಿಂದ ಹನ್ನೊಂದು ಒಂಬತ್ತರವರೆಗೆ ದಾಖಲೆಯೇ ಇಲ್ಲ. ಗಿರಿಜಾ ಎಂಬ ಹೆಸರಿನವರ ಹಾಡು ನಮ್ಮ ಸಂಗ್ರಹದಲ್ಲೂ ಇರಲಿಲ್ಲ. ಹವೆ ಒಂದು ತರಹ ಇದ್ದಾಗ ಇಂಥ ಕೇಂದ್ರಗಳು ದೂರದವರೆಗೆ ಸಿಗುವುದುಂಟು, ಅದು ನನಗೆ ಗೊತ್ತು. ಆದರೆ ಸಿಗಬೇಕಾದರೆ ಏನಾದರೂ ಹೊರಡಬೇಕಲ್ಲ.

ಭಾನುವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ನೀಲವ್ವನ ಮನೆ ಬಜಾರಿನ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಮನೆ. ಎಂಬತ್ತರ ಹತ್ತಿರದ, ಸಣ್ಣ ದೇಹದ ಮುದುಕಿ. ಹಣೆಯ ತುಂಬ ವಿಭೂತಿ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಪಕ್ಕದ ಮನೆಯ ಹಸೀನಾ ಎಂಬ ಹೆಂಗಸು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಅವರು ದಿನವೂ ಬಂದು ಕೂಡುವವರಂತೆ.

"ಬರ್ರಿ, ಕುಂದರ್ರಿ" ಎಂದು ನೀಲವ್ವ ಚಾಪೆ ಹಾಸಿದರು. ಅಂಗೈಯಗಲದ ಟ್ರಾನ್ಸಿಸ್ಟರ್ ತಂದು ನನ್ನ ಮುಂದಿಟ್ಟರು. ನಾನು ಅದನ್ನು ತಿರುಗಿಸಿ, ಮುಳ್ಳನ್ನು ನಮ್ಮ ಕೇಂದ್ರದ ಮೇಲೆ ತಂದು ಕಿವಿಗೆ ಹಿಡಿದೆ. ಆ ಹೊತ್ತಿನಲ್ಲಿ ನಮ್ಮ ಕೇಂದ್ರ ಪ್ರಸಾರ ಮಾಡುತ್ತಿತ್ತು. ಸರಸರ ಸದ್ದು ಬಿಟ್ಟು ಬೇರೇನೂ ಇಲ್ಲ.

ಆಮೇಲೆ ಅವರು ತಮ್ಮ ಅಕ್ಕನ ವಿಷಯ ಹೇಳಿದರು.

ನೀಲವ್ವನಿಗೆ ಆಗ ಹನ್ನೆರಡು ವರ್ಷ, ಗಿರಿಜಾಗೆ ಹದಿನೆಂಟು. ಗಿರಿಜಾ ಬೀಸುವ ಪದಗಳನ್ನು ಚೆನ್ನಾಗಿ ಹಾಡುತ್ತಿದ್ದಳು. ಶಾಲೆಯ ಒಬ್ಬ ಮಾಸ್ತರರು ಅವಳನ್ನು, ಅವಳ ಅಪ್ಪನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಬಾನುಲಿಯಲ್ಲಿ ಹಾಡಿಸಿದರು. ಮನೆಯಲ್ಲಿ ರೇಡಿಯೊ ಇರಲಿಲ್ಲ. ಬಜಾರಿನ ಒಬ್ಬ ಮರಾಠಿ ವ್ಯಾಪಾರಿಯ ಮನೆಯಲ್ಲಿತ್ತು. ಅವ್ವ ಪರರ ಮನೆಗೆ ಹೋಗುವವಳಲ್ಲ. ಹಾಗಾಗಿ, ಹೇಳಿದ ಹೊತ್ತಿಗೆ ಅಲ್ಲಿ ಹೋಗಿ ಕೂತು ಹಾಡು ಕೇಳಿ ಬರುವ ಕೆಲಸ ನೀಲವ್ವನ ಪಾಲಿಗೆ ಬಂತು.

"ನಾ ಹೋಗಲಿಲ್ಲರಿ" ಎಂದರು ನೀಲವ್ವ. "ಅಕಿನ್ನ ರೈಲಿನ್ಯಾಗ ಕರಕೊಂಡು ಹೋದ್ರು, ನನ್ನ ಬಿಟ್ಟು ಹೋದ್ರು ಅಂತ ಹೊಟ್ಟ್ಯಾಗ ಬೆಂಕಿ. ಹೊಳಿ ದಂಡಿಗೆ ಹೋಗಿ ಕುಂತ್ನಿ. ಹೊತ್ತು ಮೀರಿದ ಮ್ಯಾಲೆ ಮನಿಗೆ ಬಂದು ಅವ್ವಗ, ಕೇಳಿದ್ನಿ, ಛಲೋ ಇತ್ತು ಅಂದ್ನಿ. ಯಾರೂ ಬರಲಿಲ್ಲಂತ ಆ ಮನಿಯವ್ರು ರೇಡಿಯೊ ಹಚ್ಚಲೇ ಇಲ್ಲಂತ. ನಮ್ಮ ಓಣ್ಯಾಗ ಒಬ್ಬರೂ ಅಕಿ ಹಾಡು ಕೇಳಲಿಲ್ಲ."

ಮರುದಿನ ಗಿರಿಜಾ ಊರಿಗೆ ಬಂದಳು. ಬಂದವಳೇ ತಂಗಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಕಡೆಯ ನುಡಿ ಕೇಳಿದೆಯಾ ಎಂದಳು. ಕೇಳಿದೆ ಎಂದಳು ತಂಗಿ.

"ಮತ್ತ ಏನೂ ಅನಸಲಿಲ್ಲೇನ ನಿನಗ, ಅಂದ್ಲು. ಏನ ಅನಸಬೇಕು, ಅಂದ್ನಿ. ಅಕಿ ಮಾರಿ ಸಣ್ಣದಾತು. ಮುಂದ ಒಂದ ಮಾತೂ ಆಡಲಿಲ್ಲ. ಅದ ವರ್ಷ ಲಗ್ನ ಮಾಡಿ ಕಳಿಸಿದ್ರು. ಎರಡು ವರ್ಷಕ್ಕ ಬಾಣಂತಿಯಾಗಿ ತೀರಿಕೊಂಡ್ಲು. ಮಾರಿ ಯಾಕ ಸಣ್ಣದಾತಂತ ನನಗ ಇಷ್ಟು ವರ್ಷ ತಿಳಿದಿದ್ದಿಲ್ಲ. ಮೊನ್ನಿ ತಿಳೀತು."

ಏನು ತಿಳಿಯಿತು ಎಂದು ನಾನು ಕೇಳಬೇಕೆಂದಿದ್ದೆ. ಆದರೆ ಉತ್ತರ ಬಂದದ್ದು ಹಸೀನಾ ಅವರಿಂದ.

"ಹಾಡಿನ ಕಡೀ ನುಡಿಯಾಗ ಇವರ ಹೆಸರು ಬಂತ್ರೀ ಸಾಹೇಬ್ರ" ಎಂದರು ಅವರು, ಮೊರದ ಮೇಲಿನ ಕೈ ತೆಗೆಯದೆ. "ಬೀಸೂ ಪದದಾಗ ಅಣ್ಣ ತಮ್ಮ ಅಂತ ಹಾಡತಾರ ಅಲ್ಲ, ಅಲ್ಲಿ ಆಕಿ ನನ್ನ ತಂಗಿ ನೀಲಾ ಅಂತ ಹಾಡಿದ್ಲು. ನನ್ನ ತಂಗಿ ನೀಲಾ ಇರೂತನಕ ತವರಮನ್ಯಾಗ ದೀಪ ಆರೂದಿಲ್ಲ ಅಂತ. ನಾನ ಕೇಳಿದ್ನಿ, ಅರೇ ನೀಲವ್ವಾ, ಇದು ನಿಮ್ಮ ಹೆಸರು ಅಲ್ಲ? ಅಂತ. ನೋಡ್ತೇನಿ, ಇವರು ಅಳಾಕತ್ತಾರ. ಇವರಿಗೆ ಒಬ್ಬ ಅಕ್ಕ ಇದ್ಲು ಅನ್ನೂದ ನನಗ ಗೊತ್ತಿದ್ದಿಲ್ಲ. ಖರೇ ಹೇಳ್ತೇನ್ರಿ."

ನಾನು ಹಸೀನಾ ಅವರನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಅವರು ಒಂದೇ ಮಾತನ್ನು ಹೇಳಿದರು, ಬೇಸರಪಟ್ಟುಕೊಳ್ಳದೆ. ಹಾಡು ಮುಗಿದ ಮೇಲೆ ನಾನು, ಎಂದರೆ ನನ್ನ ದನಿ, ಫೋನ್ ನಂಬರು ಹೇಳಿತಂತೆ. ಕೈಗೆ ಸಿಕ್ಕ ಪೆನ್ನಿನಿಂದ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ ಎಂದು ಅವರು ತೋರಿಸಿದರು. ಹತ್ತೂ ಅಂಕಿಗಳು ಸರಿಯಾಗಿದ್ದವು. ಆ ನಂಬರನ್ನು ನಾವು ಆ ವಾರವಷ್ಟೇ ಪಡೆದಿದ್ದೆವು. ಹಿಂದಿನ ಯಾವ ಕಾರ್ಯಕ್ರಮದಲ್ಲೂ ಅದನ್ನು ಹೇಳಿರಲಿಲ್ಲ.

ಇಬ್ಬರು ಹೆಂಗಸರು ಕೂಡಿ ನನ್ನನ್ನು ಏಕೆ ಮೋಸಗೊಳಿಸಬೇಕು? ಹಾಗೆಂದುಕೊಂಡರೂ, ನಾನು ಹೊಡೆದುಹಾಕಿದ ಸಾಲು ಅವರಿಗೆ ಸಿಕ್ಕಿದ್ದು ಎಲ್ಲಿಂದ? ಈ ಎರಡು ಪ್ರಶ್ನೆಗಳನ್ನು ಆ ಮನೆಯ ಚಾಪೆಯ ಮೇಲೆ ಕೂತು ನನಗೆ ನಾನೇ ಎಷ್ಟು ಸಲ ಹಾಕಿಕೊಂಡೆನೋ. ಹೆದರಿಕೆಯೇನೂ ಆಗಲಿಲ್ಲ. ಹೊರಗೆ ಒಳ್ಳೆಯ ಬಿಸಿಲಿತ್ತು. ಓಣಿಯಲ್ಲಿ ಯಾರೋ ಮರಾಠಿಯಲ್ಲಿ ಸೊಪ್ಪು ಕೂಗುತ್ತಿದ್ದರು. ಆದರೆ ಹಿಂದಿನ ಗುರುವಾರ ಪಡಸಾಲೆಯಲ್ಲಿ ನಿಂತು ಚಹಾ ಕುಡಿದೆನೆಂದು ನಾನು ನೆನಪಿಟ್ಟುಕೊಂಡಿರುವ ಒಂಬತ್ತು ನಿಮಿಷಗಳ ಬಗ್ಗೆ ನನಗೇ ಅನುಮಾನ ಬರತೊಡಗಿತು. ಬೆಳಗಾವಿಗೆ ಬಂದು ಪ್ರಭಾವತಿಯವರನ್ನು ಕೇಳಿದೆ. "ನೀವು ನನ್ನ ಬಾಜೂಕ ನಿಂತಿದ್ರಿ ಸರ್, ಸಕ್ಕರಿ ಕಡಿಮಿ ಆಗೇತಿ ಅಂತ ಹೇಳಿದ್ರಿ" ಎಂದರು.

ಖಾನಾಪುರದಿಂದ ಹೊರಡುವಾಗ ನೀಲವ್ವ ಒಂದು ಮಾತು ಕೇಳಿದ್ದರು. ಹಾಡು ಮತ್ತೆ ಹಚ್ಚಲು ಆಗುವುದಿಲ್ಲವೆಂದು ನಾನು ಹೇಳಿದ್ದು ಅವರಿಗೆ ಮನವರಿಕೆಯಾಗಿತ್ತು. "ಹೋಗಲಿ ಬಿಡ್ರಿ. ನಂದೊಂದು ಮಾತು ರೇಡಿಯೊದಾಗ ಹೇಳತೀರೇನು?" ಎಂದರು. ಏನೆಂದು ಕೇಳಿದೆ. ಅವರು ನಿಧಾನವಾಗಿ ಹೇಳಿದ್ದನ್ನು ನಾನು ಬರೆದುಕೊಂಡೆ.

ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಮೈಕಿನ ಮುಂದೆ ಕೂತು ಅದನ್ನು ಓದಿದೆ. "ಖಾನಾಪುರದ ಗಿರಿಜಾ ಅವರಿಗೆ ಅವರ ತಂಗಿ ನೀಲಾ ಹೇಳುವುದು. ಆ ದಿನ ನಾನು ಹಾಡು ಕೇಳಿರಲಿಲ್ಲ, ಸುಳ್ಳು ಹೇಳಿದ್ದೆ. ಈಗ ಕೇಳಿದೆ. ಕಡೆಯ ನುಡಿಯೂ ಕೇಳಿದೆ." ಗಾಜಿನ ಆಚೆ ಪ್ರಭಾವತಿ ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಜೀವಮಾನದಲ್ಲಿ ಹೀಗೊಂದು ಕೆಲಸ ಮಾಡುತ್ತೇನೆಂದು ನಾನು ಎಣಿಸಿರಲಿಲ್ಲ. ಅಂದು ಕರೆಂಟು ಹೋಗಲಿಲ್ಲ, ಯಂತ್ರ ಸರಿಯಾಗಿತ್ತು. ದಾಖಲೆಯಲ್ಲಿ ಆ ಮಾತು ಈಗಲೂ ಇದೆ.

ಮಧ್ಯಾಹ್ನ ನಾನೇ ನೀಲವ್ವನಿಗೆ ಫೋನು ಮಾಡಿದೆ. ಕೇಳಿಸಿತೇ ಎಂದೆ. ಇಲ್ಲವಂತೆ, ಹನ್ನೊಂದಕ್ಕೆ ಹಚ್ಚಿಕೊಂಡು ಕೂತರೂ ಬರೀ ಸರಸರ ಸದ್ದು ಬಂತಂತೆ. ನನಗೆ ಕಸಿವಿಸಿಯಾಯಿತು. ಖಾನಾಪುರದತನಕ ನಮ್ಮದು ಮುಟ್ಟುವುದಿಲ್ಲ, ತಪ್ಪು ತಿಳಿಯಬೇಡಿ ಎಂದೆ.

"ನನಗ್ಯಾಕ ಕೇಳಬೇಕ್ರಿ?" ಎಂದರು ಅವರು. "ಅಕಿಗೆ ಕೇಳಿದ್ರ ಸಾಕು."

ಸರಿ ರೀ, ಎಂದೆ.