ಮಗಳ ಪತ್ರದಿಂದ ನಾನು ತೆಗೆಸಿದ ಸಾಲು

ನನ್ನ ಮಗಳು ಡಾಕ್ಟರು. ಮಂಗಳೂರಲ್ಲಿ ಓದಿ, ಮೀನಾ ಅಬ್ದುಲ್ಲಾ ಎಂಬ ಊರಿನ ಎಣ್ಣೆ ರಿಫೈನರಿಯ ಇಂಜಿನಿಯರನ್ನು ಮದುವೆಯಾಗಿ ಕುವೈತಿಗೆ ಬಂದಳು. ಅದಕ್ಕೂ ಮೊದಲೇ ನಾನು ಇಲ್ಲಿ ಹದಿನೆಂಟು ವರ್ಷ ಅರಬಿಗಳ ಮನೆಯಲ್ಲಿ ಅಡಿಗೆ ಮಾಡಿದವಳು. ಮೊಣಕಾಲು ಹೋದ ಮೇಲೆ ಅವಳ ಫ್ಲ್ಯಾಟಿಗೆ ಬಂದು ಕೂತೆ.

ಅವಳಿಗೆ ಅಮೆರಿಕದ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಬೇಕಿತ್ತು. ಅಂದರೆ ಅಲ್ಲೇ ದುಡಿಯುತ್ತ ಮಕ್ಕಳ ಡಾಕ್ಟರಾಗುವ ಕಲಿಕೆ. ಒಂದು ಸಲ ಅರ್ಜಿ ಹಾಕಿದಾಗ ಯಾರೂ ಕರೆಯಲಿಲ್ಲ. ಓದು ಮುಗಿಸಿ ತುಂಬ ವರ್ಷವಾದವರು ಅವರಿಗೆ ಬೇಡವಂತೆ. ಹಾಗಾಗಿ ಇದೇ ಕಡೆಯ ಸಲ. ಅರ್ಜಿಯ ಜೊತೆ, ನಿಮ್ಮಲ್ಲಿಗೇ ಯಾಕೆ ಬರಬೇಕು ಎನ್ನುವ ಆಸಕ್ತಿಯ ಪತ್ರವೂ ಬರೆಯಬೇಕು ಎಂದು ಯಾರೋ ಹೇಳಿದ್ದರು. ಅವರು ಕರೆದು ಮಾತಾಡಿಸಿದ ಮೇಲೆ ಇನ್ನೊಂದು ಪತ್ರ, ನೀವು ಕೊಟ್ಟರೆ ನಾನು ಬಂದೇ ಬರುತ್ತೇನೆ ಎಂದು. ಅದು ಒಂದು ಆಸ್ಪತ್ರೆಗೆ ಮಾತ್ರ.

ಪತ್ರ ಬರೆದು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ನಾನು ಮೀನು ಕೊಯ್ಯುತ್ತಿದ್ದೆ. ಮೊದಲಿಂದ ಕಡೆವರೆಗೆ ಆಸ್ಪತ್ರೆಯ ಹೊಗಳಿಕೆ.

"ಇಲ್ಲಿರುವ ಇಕಾಮಾ ಕಾಗದಕ್ಕೆ ಕಫೀಲ ಧಣಿಯ ಎದುರು ನಿಂತವರ ಹಾಗುಂಟು," ಅಂದೆ. "ಅವರು ದೊಡ್ಡವರು ಅಂತ ಅವರಿಗೆ ಗೊತ್ತಿಲ್ವಾ? ನೀನು ಹೋಗಿ ಎಂತ ಮಾಡ್ತಿ, ಅದು ಹೇಳು."

ನಕ್ಕಳು. ಅದೇ ಸರಿ ಎಂದು ಬೇರೆ ಬರೆದಳು. ಅದರಲ್ಲಿ ನನ್ನ ಮೊಮ್ಮಗಳ ಬಗ್ಗೆ ಒಂದು ಸಾಲಿತ್ತು: ಮಗಳು ಹೃದಯದಲ್ಲಿ ತೂತು ಇದ್ದೇ ಹುಟ್ಟಿದಳು, ಆಪರೇಷನ್ ಆಗಿ ಗುಣವಾಗುವವರೆಗೆ ಮೂರು ವರ್ಷ ಕೆಲಸ ಬಿಟ್ಟು ಅವಳ ಜೊತೆಗಿದ್ದೆ, ಮಕ್ಕಳ ಡಾಕ್ಟರಾಗಬೇಕು ಅನಿಸಿದ್ದು ಅಲ್ಲಿಯೇ.

"ಅದು ತೆಗಿ," ಅಂದೆ.

"ಯಾಕೆ?"

"ಮಗು ಉಂಟು ಅಂದ್ರೆ ಯಾರು ಕೆಲಸ ಕೊಡ್ತಾರೆ? ಅದಕ್ಕೆ ಜ್ವರ ಬಂದ್ರೆ ಇವಳು ರಜೆ ಕೇಳ್ತಾಳೆ ಅಂತ ಮೊದಲೇ ಯೋಚಿಸ್ತಾರೆ. ನಮಗೆ ಏಜೆಂಟ ಕಲಿಸಿದ್ದೇ ಅದು."

"ನೀನೂ ಮಕ್ಕಳಿಲ್ಲ ಅಂತ ಹೇಳಿದ್ದಾ?"

"ಹೇಳದೆ? ಮನೆಯಾಕೆ ಕೇಳಿದ್ಳು, ಇಲ್ಲ ಅಂದೆ."

"ಆಗ ನಂಗೆಷ್ಟು ವರ್ಷ?"

"ಐದು. ದೊಡ್ಡಮ್ಮನ ಮನೇಲಿ ಬಿಟ್ಟಿದ್ದೆ."

ಇದು ನನ್ನೊಬ್ಬಳದ್ದಲ್ಲ. ಮನೆಗೆಲಸಕ್ಕೆ ಬಂದ ಹೆಂಗಸರೆಲ್ಲ ಮಕ್ಕಳ ಫೋಟೋ ದಿಂಬಿನ ಚೀಲದೊಳಗೆ ಇಟ್ಟುಕೊಂಡವರೇ. ರಜೆಯ ಶುಕ್ರವಾರ ಸಿಕ್ಕಿದಾಗ ತೋರಿಸಿಕೊಳ್ಳುತ್ತಿದ್ದೆವು. ಶನಿವಾರ ನಮ್ಮಲ್ಲಿ ಯಾರೂ ಹೆತ್ತವರಲ್ಲ.

ಮಗಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಆಮೇಲೆ ಸಾಲು ಹೋಗುವವರೆಗೆ ಒಂದು ಗುಂಡಿ ಒತ್ತಿ ಹಿಡಿದಳು.

"ಆಯ್ತು ಮಾರಾಯ್ತಿ. ಹದಿನೆಂಟು ವರ್ಷದ ಎಕ್ಸ್‌ಪೀರಿಯೆನ್ಸ್ ಇರುವವಳು ನೀನು."

ಹನ್ನೆರಡು ಆಸ್ಪತ್ರೆಗೆ ಹೋಯಿತು ಆ ಪತ್ರ. ಅವರು ಕರೆಯುವ ತಿಂಗಳುಗಳು ಬಂದವು, ಮುಗಿದವು. ಒಬ್ಬರೂ ಕರೆಯಲಿಲ್ಲ. ಎರಡನೆಯ ಪತ್ರ ಬರೆಯುವ ಪ್ರಸಂಗವೇ ಬರಲಿಲ್ಲ.

ಆಮೇಲೆ ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಮೈಸೂರಿನ ಹಿರಿಯ ಡಾಕ್ಟರಮ್ಮನಿಗೆ ಅರ್ಜಿ, ಪತ್ರ ಎರಡನ್ನೂ ತೋರಿಸಲು ಹೋದೆವು. ಅವರು ಎರಡು ಸಲ ಓದಿದರು.

"ಚೆನ್ನಾಗೇ ಬರ್ದಿದೀಯಲ್ಲಮ್ಮ. ಆದ್ರೆ ಈ ಮೂರು ವರ್ಷ ಏನ್ಮಾಡ್ತಿದ್ದೆ ಅಂತ ಎಲ್ಲೂ ಇಲ್ವಲ್ಲ?"

"ಮಗುಗೆ ಹುಷಾರಿರಲಿಲ್ಲ, ಡಾಕ್ಟ್ರೆ."

"ಅದನ್ನೇ ಬರೀಬೇಕಿತ್ತು. ಎರಡು ಸಾಲು ಸಾಕಿತ್ತು. ಖಾಲಿ ಬಿಟ್ರೆ ಕೆಲಸ ಮರೆತು ಕೂತಿದ್ಲು ಅಂದ್ಕೋತಾರೆ."

ಮಗಳು ಹೌದು ಎಂದು ತಲೆ ಆಡಿಸಿದಳು. ನನ್ನ ಕಡೆ ತಿರುಗಲಿಲ್ಲ. ಚಹಾ ಕುಡಿದು ಎದ್ದೆವು.

ಲಿಫ್ಟಿನಲ್ಲಿ ನಾನೇ ಅಂದೆ, "ಅಮ್ಮ ತೆಗೆಸಿದ್ದು ಅಂತ ಹೇಳಬಹುದಿತ್ತಲ್ಲ."

"ಹೇಳಿ ಎಂತ ಮಾಡುದು ಅಮ್ಮ. ಖಲಾಸ್."

ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ. ಬರೆದಿದ್ದರೆ ಕರೆಯುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು. ಬರೆಯದ ಹಾಗೆ ಮಾಡಿದ್ದು ನಾನು.

ಮರುವರ್ಷ ಅವಳು ಅರ್ಜಿ ಹಾಕಲಿಲ್ಲ. ತನ್ನ ದಪ್ಪ ಡಾಕ್ಟರಿ ಪುಸ್ತಕಗಳನ್ನು ಯಾರೋ ಹುಡುಗಿಗೆ ಕೊಟ್ಟಳು. ಮೊಮ್ಮಗಳನ್ನು ಶಾಲೆಗೆ ಸೇರಿಸುವ ಫಾರಂ ಬಂತು. ತಾಯಿಯ ಉದ್ಯೋಗ ಎಂಬಲ್ಲಿ ಅವಳು ಏನೋ ಬರೆದಳು. ಎಂತ ಬರೆದದ್ದು ಎಂದು ಕೇಳಿದೆ.

"ಹೌಸ್‌ವೈಫ್."

"ಡಾಕ್ಟರ್ ಅಂತ ಬರಿ," ಅಂದೆ.

ಕೇಳಿಸಿತು ಅವಳಿಗೆ. ಮುಂದಿನ ಖಾನೆಗೆ ಹೋದಳು.